ಸೀಟಿನ ಮೂತಿಗೆ ಐದು ಸೆಂಟಿಮೀಟರ್

ಟೇಪು ಹಿಡಿದವರನ್ನು ಕಂಡರೆ ನನಗಾಗದು. ರವಿಕೆ ಹೊಲಿಸಬೇಕಾದರೂ ಟೇಲರ್ ಬಳಿ ನಾನು ಹೋಗುವುದಿಲ್ಲ. ಅಳತೆಗೆ ಹಳೆಯದೊಂದನ್ನು ಅವ್ವನ ಕೈಲಿ ಕಳಿಸುತ್ತೇನೆ. ಇಂಥ ನಾನು ಟೈಮ್ ಟ್ರಯಲ್ ಎಂಬ ಸೈಕಲ್ ಸ್ಪರ್ಧೆಗೆ ಬಿದ್ದದ್ದು, ಅಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಾರೆ, ಗಡಿಯಾರದೊಂದಿಗಷ್ಟೇ ಪೈಪೋಟಿ, ಯಾರೊಂದಿಗೂ ಮಾತಾಡಬೇಕಿಲ್ಲ ಎಂಬ ಆಸೆಗೆ. ಬಿಡುವ ಮೊದಲು ಅಳೆಯುತ್ತಾರೆ ಎಂಬುದು ಆಮೇಲೆ ತಿಳಿಯಿತು. ಕೈ ಎಷ್ಟು ಮುಂದೆ ಚಾಚಬೇಕು, ಎಲ್ಲಿ ಕೂರಬೇಕು, ಎಲ್ಲಕ್ಕೂ ನಿಯಮ. ಸೀಟಿನ ಮೂತಿಯಂತೂ ಪೆಡಲು ತಿರುಗುವ ಅಚ್ಚಿಗಿಂತ ಐದು ಸೆಂಟಿಮೀಟರ್ ಹಿಂದಿರಲೇಬೇಕು. ಗಿಡ್ಡಳಾದ ನಾನು ಸರಿಯಾಗಿ ಐದಕ್ಕೇ ಸೀಟು ಬಿಗಿದು, ಇರಕಲ್ಲಗಡದ ರಸ್ತೆಯಲ್ಲಿ ತಿಂಗಳುಗಟ್ಟಲೆ ಬೆನ್ನು ಬಗ್ಗಿಸಿ ಅಭ್ಯಾಸ ಮಾಡಿದ್ದೆ. ಹೊಲಕ್ಕೆ ಹೊರಟ ಹೆಂಗಸರು "ಹೊಟ್ಟಿ ನೋಯಾಕ ಹತ್ತೈತೇನಬೇ?" ಎಂದು ಮರುಗಿದ್ದೂ ಉಂಟು.

ಕುಷ್ಟಗಿ ರಸ್ತೆಯಲ್ಲಿ ಜಿಲ್ಲಾ ಆಯ್ಕೆ. ಮೊದಲ ಇಬ್ಬರಿಗಷ್ಟೇ ರಾಜ್ಯಮಟ್ಟ. ಅಂದು ಬೆಳಿಗ್ಗೆ ಎದ್ದು ನೋಡಿದರೆ ಅವ್ವ ಸೀಟಿಗೆ ಕೌದಿ ಹೊಲಿದಿದ್ದಳು: ಹಳೆಯ ಇಳಕಲ್ ಸೀರೆಯ ತುಂಡುಗಳು, ದಪ್ಪ ಪದರ, ಅಡಿಯಿಂದ ಬಿಗಿ ಹೊಲಿಗೆ. "ಹಲಗಿ ಮ್ಯಾಲೆ ಕುಂತಂಗ ಕುಂದ್ರತಿ. ನನಗ ನೋಡಾಕ ಆಗಲ್ಲ." ಬೇಡ ಎನ್ನಲು ಬಾಯಿ ಬರಲಿಲ್ಲ. ರೊಟ್ಟಿಯ ಗಂಟು ಹಿಡಿದು ತಾನೂ ಹೊರಟಳು.

ಅಳತೆಯ ಅಧಿಕಾರಿ ಪಟ್ಟಿ ಇಟ್ಟು ನೋಡಿ ತಲೆಯಾಡಿಸಿದರು. "ಮೂತಿ ಮುಂದ ಬಂದೈತಿ ಮೇಡಂ. ಸೀಟ ಹಿಂದ ಸರಸ್ರಿ, ಇಲ್ಲಾ ಈ ಕೌದಿ ತಗೀರಿ." ಸೀಟು ಹಿಂದೆ ಸರಿದರೆ ಮುಂದಿನ ಹಿಡಿಕೆಯ ಮೇಲೆ ಊರಲು ನನ್ನ ಮೊಣಕೈ ತಲುಪದು, ಕಲಿತದ್ದೆಲ್ಲ ಮಣ್ಣು. ಕೌದಿ ಹರಿಯೋಣವೆಂದರೆ ಅವ್ವ ಎದುರಿಗೇ ನಿಂತಿದ್ದಾಳೆ. ಹೆಸರು ಕೂಗಿದ ಮೇಲೆ ಗಡಿಯಾರ ಯಾರಿಗೂ ಕಾಯುವುದಿಲ್ಲ. ನನಗಿಂತ ಮುಂದೆ ಇಬ್ಬರಿದ್ದರು. ಒಬ್ಬಳು ಹೋದಳು. ಸೀಟಿನ ನಟ್ಟಿಗೆ ಪಾನಾ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. "ಏನಾತ?" ಎಂದಳು ಅವ್ವ. "ಏನಿಲ್ಲ" ಎಂದೆ, ನನಗೆ ಚೆನ್ನಾಗಿ ಬರುವ ಉತ್ತರ ಅದೊಂದೇ. "ಏನಿಲ್ಲಂದ್ರ ಹಿಂಗ್ಯಾಕ ಬೆವತು ನಿಂತಿ? ಸಾಹೇಬ್ರ, ನೀವರ ಹೇಳ್ರಿ." ಅವರು ಹೇಳಿದರು. ಎರಡನೆಯವಳೂ ಹೋದಳು. "ಅಷ್ಟಕ್ಕ?" ಎಂದವಳೇ ಅವ್ವ ಅಷ್ಟು ಜನರೆದುರು ಸೀಟಿಗೆ ಬಾಯಿ ಹಾಕಿ ಹಲ್ಲಿನಿಂದ ದಾರ ಕಡಿದು, ಕೌದಿಯನ್ನು ಚರ್ರನೆ ಕಿತ್ತಳು. "ಬಾಯಿಲ್ಲೇನ ನಿನಗ, ಹುಚ್ಚಿ? ನಡಿ!" ಪಟ್ಟಿ ಮತ್ತೆ ಇಳಿಯಿತು: ಐದು. ಅಷ್ಟರಲ್ಲಿ ನನ್ನ ಹೆಸರು ಕೂಗಿದರು.

ಎರಡನೆಯ ಸ್ಥಾನ ಬಂತು. ಉಸಿರು ತಹಬಂದಿಗೆ ಬರುವ ಹೊತ್ತಿಗೆ ಅಳತೆಯ ಅಧಿಕಾರಿ ಅವ್ವನ ರೊಟ್ಟಿ ತಿನ್ನುತ್ತಿದ್ದರು; ಅವ್ವ ಅವರ ಪಟ್ಟಿ ಹಿಡಿದು ಕೂತಿದ್ದಳು. "ರಾಜ್ಯಕ್ಕ ಬ್ಯಾರೇದು ಹೊಲಿತೀನಿ, ಮೂತಿ ಬಿಟ್ಟು. ನೀ ಏನೂ ಹೇಳಬ್ಯಾಡ. ಅಳತಿಗೆ ಆ ಸೀಟ ಬಿಚ್ಚಿ ಕೊಡು, ಸಾಕು."

ಮಗಳ ಸ್ವಭಾವ ಅವಳಿಗೆ ಗೊತ್ತು. ಕೊಟ್ಟೆ. ಕೌದಿ ಇನ್ನೂ ಮುಗಿದಿಲ್ಲ. ಹಾಗಾಗಿ ಈ ವಾರವೆಲ್ಲ ನಾನು ಇರಕಲ್ಲಗಡದ ರಸ್ತೆಯಲ್ಲಿ ಸೀಟಿಲ್ಲದ ಸೈಕಲ್ಲನ್ನು ನಿಂತೇ ತುಳಿಯುತ್ತಿದ್ದೇನೆ. ಸೀಟು ವಾಪಸು ಬೇಕೆಂದು ಕೇಳಬಹುದು. ಆದರೆ ಕೇಳಬೇಕಲ್ಲ.