ಎರಡು ಬಟ್ಟಲು ಮ್ಯಾಕರೋನಿ

ಹಗಲೆಲ್ಲ ಊರಿನವರ ಕಣ್ಣು ಸರಿಪಡಿಸಿ ರಾತ್ರಿ ಮನೆಗೆ ಬಂದರೆ ತಟ್ಟೆಯಲ್ಲಿ ಕಣ್ಣೆತ್ತಿ ನೋಡುವಂಥದ್ದೇನೂ ಇರುವುದಿಲ್ಲ ಎಂಬುದು ಕನ್ನಡಕದಂಗಡಿ ಯಜಮಾನರ ಬಹುದಿನದ ಅಳಲು. ಹಾಗಂತ ಮನೆಯಲ್ಲಿ ತಿನಿಸಿಗೆ ಬರವಿತ್ತೆ? ಅಯ್ಯೋ, ಬರವೆಲ್ಲಿ ಬಂತು! ಕಪಾಟಿನ ಮೇಲೆ ಕೆನೆ ಹೊದ್ದ ಕೇಕು, ಕಿಟಕಿಯಲ್ಲಿ ದ್ರಾಕ್ಷಿ ಗೊಂಚಲು, ಟಿ.ವಿ. ಪಕ್ಕದಲ್ಲಿ ನೊರೆ ಉಕ್ಕುವ ಕಾಫಿ. ಎಲ್ಲವೂ ಮೇಣ, ರಬ್ಬರು ಮತ್ತು ಬಣ್ಣ. ಹೋಟೆಲುಗಳ ಗಾಜಿನ ಕಪಾಟಿನಲ್ಲಿಡುವ ನಕಲಿ ತಿನಿಸು ಮಾಡುವುದೇ ಅವರ ಶ್ರೀಮತಿಯ ಕಸುಬು. ಮದುವೆಯಾದ ಹೊಸತರಲ್ಲಿ ಯಜಮಾನರು ಒಂದು ಸೇಬನ್ನು ಕಚ್ಚಿ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದುಂಟು. (ಅದನ್ನು ಅವರು ಯಾರ ಮುಂದೆಯೂ ಹೇಳುವುದಿಲ್ಲ. ಅವರ ಶ್ರೀಮತಿ ಎಲ್ಲರ ಮುಂದೆಯೂ ಹೇಳುತ್ತಾರೆ.)

ಆ ವಾರವಂತೂ ಮನೆಯಲ್ಲಿ ಒಲೆ ಹೊತ್ತಿದ್ದೇ ಅಪರೂಪ. ಹೊಸ ಹೋಟೆಲೊಂದರ ಮಾಲೀಕ ಹನ್ನೆರಡು ನಕಲಿ ಖಾದ್ಯಗಳನ್ನು ಕೇಳಿದ್ದ. ಶ್ರೀಮತಿಯ ಜೀವನದಲ್ಲೇ ಅಷ್ಟು ದೊಡ್ಡ ಆರ್ಡರು ಬಂದಿರಲಿಲ್ಲ. ಮೊದಲು ಮಾದರಿಗೆಂದು ಒಂದು ಬಟ್ಟಲು ಚೀಸ್ ಮ್ಯಾಕರೋನಿ ಮಾಡಿಕೊಡಬೇಕಿತ್ತು. ಮೊದಲನೆಯದು ಕಿಟಕಿಯ ಬಿಸಿಲಿಗೆ ಜೋತುಬಿತ್ತು. ಎರಡನೆಯದನ್ನು ಹೋಟೆಲಿನ ಇಲಿಗಳು ರಾತ್ರೋರಾತ್ರಿ ಕೆರೆದು ಹಾಕಿದವು. "ಮೂರನೇದೂ ಕೈಕೊಟ್ರೆ ಬೇರೆಯವರನ್ನ ನೋಡ್ಕೋತೀನಿ ಮೇಡಂ," ಎಂದುಬಿಟ್ಟಿದ್ದ ಮಾಲೀಕ. ಶ್ರೀಮತಿ ಹಗಲಿರುಳು ಆ ಮೂರನೆಯದಕ್ಕೆ ಅಂಟಿಕೊಂಡರು. ಮಿಕ್ಕವರಿಗೆ ರಾತ್ರಿಯ ಊಟವೆಂದರೆ ಬ್ರೆಡ್ಡು, ಬಾಳೆಹಣ್ಣು.

ಬ್ರೆಡ್ಡು ಕಚ್ಚುತ್ತ ಎದುರಿಗೆ ಆ ರಬ್ಬರ್ ಚೀಸನ್ನು ನೋಡಿ ನೋಡಿ ಯಜಮಾನರ ಬಾಯಲ್ಲಿ ನೀರೂರಿ ಊರಿ, ಅಂಗಡಿಯ ವಾರದ ರಜೆಯ ದಿನ ಅದು ದಿವ್ಯ ಸಂಕಲ್ಪವಾಗಿ ಹೊರಬಿತ್ತು.

"ಲೇ, ಇವತ್ತು ರಾತ್ರಿ ಅಡುಗೆ ನಂದು!"

"ಏನ್ರೀ, ಜ್ವರ ಗಿರ ಬಂದಿದೆಯಾ?"

"ಫೋನಲ್ಲಿ ನೋಡಿದೀನಿ. ಅರ್ಧ ಗಂಟೇಲಿ ಆಗೋ ಚೀಸ್ ಊಟ. ಮ್ಯಾಕರೋನಿ, ಹೂಕೋಸು, ಮೇಲೆ ಚೀಸ್ ಹೊದಿಸಿ ಓವನ್ನಿಗೆ ತಳ್ಳೋದು. ಚಿಕ್ಕ ಮಕ್ಕಳೂ ಮಾಡ್ತಾರಂತೆ."

"ಚಿಕ್ಕ ಮಕ್ಕಳು ಮಾಡಿದ್ರೆ ಧೈರ್ಯವಾಗಿ ತಿನ್ನಬಹುದು. ನೀವು ಅಂದ್ರೇನೇ ಭಯ."

"ಮಾಡ್ಲಿ ಬಿಡೇ, ಅಳಿಯಂದ್ರು ಆಸೆ ಪಡ್ತಿದಾರೆ," ಎಂದರು ಒಂದು ವಾರದಿಂದ ಮಗಳ ಮನೆಯಲ್ಲಿದ್ದ ಅತ್ತೆ. ಬ್ರೆಡ್ಡು ಬಾಳೆಹಣ್ಣು ಅವರಿಗೂ ಸಾಕಾಗಿತ್ತು.

ಶ್ರೀಮತಿ ಮೂರನೇ ಮಾದರಿಗೆ ಕೊನೆಯ ಬಣ್ಣ ಕೊಟ್ಟು ಊಟದ ಮೇಜಿನ ಮೇಲಿಟ್ಟರು. "ಸಂಜೆ ಹೋಟೆಲಿನವನು ಬಂದು ತಗೊಂಡು ಹೋಗ್ತಾನೆ. ದಮ್ಮಯ್ಯ, ಇದರ ತಂಟೆಗೆ ಹೋಗ್ಬೇಡಿ," ಎಂದು ಕೈಮುಗಿದು, ಸಾಮಾನು ತರಲು ಅಮ್ಮನನ್ನೂ ಕರೆದುಕೊಂಡು ಪೇಟೆಗೆ ಹೋದರು.

ಯಜಮಾನರು ತೋಳೇರಿಸಿದರು. ಮನೆಯ ಬಟ್ಟಲುಗಳಲ್ಲೆಲ್ಲ ಬಣ್ಣ ಕಲೆಸಿಟ್ಟಿದ್ದರಿಂದ, ಹೋಟೆಲಿನವರು ಕೊಟ್ಟಿದ್ದ ಜೋಡಿ ಬಿಳಿ ಬಟ್ಟಲುಗಳಲ್ಲಿ ಖಾಲಿ ಉಳಿದಿದ್ದನ್ನೇ ಎತ್ತಿಕೊಂಡರು. ಹಿಟ್ಟು ಎರಡು ಚಮಚ ಎಂದಿತ್ತು ಫೋನು. ಮೂರು ಜನಕ್ಕೆ ಎರಡು ಚಮಚ ಯಾವ ಮೂಲೆಗೆ ಎಂದು ಎರಡು ಲೋಟ ಸುರಿದರು. ಹಾಲು ಸಾಲಲಿಲ್ಲ. ಹಾಲಿಲ್ಲದಿದ್ದರೇನು, ಚೀಸ್ ಹೇಗೂ ಹಾಲಿನ ಮಗನೇ ಅಲ್ಲವೆ ಎಂದು ಅದನ್ನೇ ಇನ್ನಷ್ಟು ತುರಿದು ಹಾಕಿದರು. ಸಣ್ಣ ಉರಿಯಲ್ಲಿ ಕಾಯುವಷ್ಟು ತಾಳ್ಮೆ ಅವರ ವಂಶದಲ್ಲೇ ಇರಲಿಲ್ಲ. ಓವನ್ನಿನ ಗುಂಡಿಯನ್ನು ತಿರುಗುವಷ್ಟು ತಿರುಗಿಸಿ, ಸೋಫಾದಲ್ಲಿ ಒಂದು ನಿದ್ದೆ ತೆಗೆದು, ಸುಟ್ಟ ವಾಸನೆಗೆ ಎದ್ದು, ನಿದ್ದೆಗಣ್ಣಲ್ಲೇ ಬಟ್ಟಲನ್ನು ತಂದು ಮೇಜಿನ ಮೇಲೆ ಮಾದರಿಯ ಪಕ್ಕದಲ್ಲೇ ಆರಲಿಟ್ಟು ಸ್ನಾನಕ್ಕೆ ಹೋದರು.

ತಲೆ ಒರೆಸಿಕೊಳ್ಳುತ್ತ ಬಂದರೆ ಬಾಗಿಲಲ್ಲಿ ಹೋಟೆಲಿನ ಹುಡುಗ. ಯಜಮಾನರು ಹೆಂಡತಿಗೆ ಫೋನ್ ಮಾಡಿದರು.

"ನನ್ನ ಬಟ್ಟಲು ಡಬ್ಬಿಗೆ ಹಾಕಿ ಕೊಟ್ಟುಬಿಡ್ರೀ. ಯಾವುದು ಅಂತ ಗೊತ್ತಾಗುತ್ತೆ ತಾನೆ?"

"ಯಾರನ್ನ ಕೇಳ್ತಿದೀಯ? ಇಡೀ ಊರಿಗೆ ಕಣ್ಣು ಪರೀಕ್ಷೆ ಮಾಡೋನನ್ನ!"

(ಇಡೀ ಊರಿಗೆ ಕನ್ನಡಕ ಹಾಕಿಸಿದ ಈ ಮಹಾನುಭಾವರು, ವಯಸ್ಸಾದಂತೆ ಕಾಣುತ್ತದೆಂದು ತಾವು ಮಾತ್ರ ಹಾಕಿಕೊಳ್ಳುವುದಿಲ್ಲ.)

ಮೇಜಿನ ಮೇಲೆ ಅಷ್ಟೊತ್ತಿಗೆ ತಣ್ಣಗಾಗಿದ್ದ ಎರಡು ಬಟ್ಟಲು. ಒಂದು ಹೊಂಬಣ್ಣಕ್ಕೆ ತಿರುಗಿ, ಚೀಸ್ ಅಂಚಿನಿಂದ ಇಳಿಯುತ್ತ, ಈಗಷ್ಟೇ ಒಲೆಯಿಂದ ಇಳಿದಂತಿತ್ತು. ಇನ್ನೊಂದು ಕಂದುಗಟ್ಟಿ, ನಡುವೆ ಬಿರುಕು ಬಿಟ್ಟುಕೊಂಡು ಕೂತಿತ್ತು. ಯಜಮಾನರು ಚಮಚದಿಂದ ಕಂದು ಬಣ್ಣದ್ದನ್ನು ಬಡಿದರು. ಟಕ್ ಟಕ್ ಎಂದಿತು. ಹೊಂಬಣ್ಣದ್ದನ್ನು ಬೆರಳಿಂದ ಒತ್ತಿದರು. ಮೆತ್ತಗಿತ್ತು. ಇನ್ನೇನು ಸಂಶಯ? ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಇಲ್ಲಿ ಹೆಗ್ಗಣವೇ ಇಲ್ಲ, ಕೂಸೇ ಚೆಂದ ಎಂದು ಹಿಗ್ಗಿ, ಟಕ್ ಎಂದದ್ದನ್ನು ಡಬ್ಬಿಗೆ ಹಾಕಿ ಹೋಟೆಲಿನವನ ಕೈಗಿತ್ತರು. ಪಾಪ, ಇವಳಿಗೆ ಈ ಸಲವೂ ಹದ ಬಂದಿಲ್ಲ ಎಂದು ಕೊಂಚ ಮರುಗಿದರು ಕೂಡ.

ಅತ್ತೆ, ಮಗಳು ಬಂದ ಮೇಲೆ ಹೊಂಬಣ್ಣದ ಬಟ್ಟಲು ಮತ್ತೊಮ್ಮೆ ಬಿಸಿಯಾಯಿತು. ಹೊಸ ಚಪ್ಪಲಿಯ ವಾಸನೆ ಬಂತು. ಚೀಸ್ ದುಬಾರಿ ಜಾತಿಯದು, ಹೀಗೇ ಇರಬೇಕು ಎಂದುಕೊಂಡರು ಯಜಮಾನರು. ಶ್ರೀಮತಿ ಬಂದವರೇ ಕೈತೊಳೆಯಲು ಹೋಗಿದ್ದರು. ಯಜಮಾನರು ಅತ್ತೆಗೆ ಬಡಿಸಲೆಂದು ಚಮಚ ಊರಿದರು. ಚಮಚ ಪುಟಿದು ವಾಪಸು ಬಂತು. ಚಾಕು ತಂದು, ಒಂದು ಮೊಣಕಾಲು ಕುರ್ಚಿಗೆ ಕೊಟ್ಟು, ಗರಗಸದಂತೆ ಎಳೆದು ಒಂದು ಹೋಳು ಬಿಡಿಸಿದರು.

ಅತ್ತೆ ಒಂದು ಮ್ಯಾಕರೋನಿ ಬಾಯಿಗೆ ಹಾಕಿಕೊಂಡರು. ಜಗಿದರು. ಜಗಿಯುತ್ತಲೇ ಇದ್ದರು. ಅಳಿಯ ಮಾಡಿದ್ದನ್ನು ಉಗುಳುವಂತಿಲ್ಲ, ನುಂಗೋಣವೆಂದರೆ ಗಂಟಲು ಒಪ್ಪುತ್ತಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಹೇಗಿದೆ ಅತ್ತೆ?"

"ಗಟ್ಟಿ... ಗಟ್ಟಿಮುಟ್ಟಾಗಿದೆ ಅಳಿಯಂದ್ರೆ."

ಅಷ್ಟರಲ್ಲಿ ಕೈ ಒರೆಸಿಕೊಳ್ಳುತ್ತ ಶ್ರೀಮತಿ ಬಂದರು. ಮೇಜು ನೋಡಿದರು. ಅಮ್ಮನ ಬಾಯಿ ನೋಡಿದರು. ಗಂಡನ ಕೈಲಿದ್ದ ಚಾಕು ನೋಡಿದರು. ಟವೆಲು ಕೈಯಿಂದ ಜಾರಿತು.

"ಅಮ್ಮಾ! ಉಗುಳು! ಅದು ನನ್ನ ಮಾದರಿ!"

ಅತ್ತೆ ಬಹಳ ಕೃತಜ್ಞತೆಯಿಂದ ಉಗುಳಿದರು. ಯಜಮಾನರಿಗೆ ಗರ ಬಡಿದಂತಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ವಾರದ ದುಡಿಮೆ ಮೇಜಿನ ಮೇಲೆ ಹೋಳಾಗಿ ಬಿದ್ದಿತ್ತು.

"ಹಂಗಾದ್ರೆ ಹೋಟೆಲಿಗೆ ಕೊಟ್ಟಿದ್ದು?" ಶ್ರೀಮತಿಯ ದನಿ ಪಿಸುಮಾತಾಗಿತ್ತು. ಅವರು ಕೂಗಾಡಿದ್ದರೆ ಯಜಮಾನರಿಗೆ ಎಷ್ಟೋ ವಾಸಿಯಿತ್ತು.

"ನಂದೇ... ಇರಬೇಕು ಕಣೇ."

ಶ್ರೀಮತಿ ಹೋಟೆಲಿಗೆ ಫೋನ್ ಮಾಡಿದರು. ಊಟದ ಗದ್ದಲದಲ್ಲಿ ಯಾರೂ ಎತ್ತಲಿಲ್ಲ. ಮತ್ತೆ ಮಾಡಿದರು. ಕೊನೆಗೆ ಕುರ್ಚಿಯಲ್ಲಿ ಕುಸಿದು, "ಹೋಯ್ತು. ನಾಳೆ ಹೊತ್ತಿಗೆ ಅದು ಹಳಸಿ ನಾರುತ್ತೆ, ಇಲಿ ತಿನ್ನುತ್ತೆ. ಇನ್ನು ಈ ಊರಲ್ಲಿ ನನಗ್ಯಾರು ಕೆಲಸ ಕೊಡ್ತಾರೆ?" ಎಂದು ಕಣ್ಣೊರೆಸಿಕೊಂಡರು. ಯಜಮಾನರಿಗೆ ನಿಜವಾಗಿಯೂ ಸಂಕಟವಾಯಿತು. ನಾಳೆ ತಾವೇ ಹೋಗಿ ಮಾಲೀಕನ ಕಾಲು ಹಿಡಿಯುತ್ತೇನೆ ಎಂದರು.

ಬೆಳಿಗ್ಗೆ ಅವರು ಚಪ್ಪಲಿ ಮೆಟ್ಟುವಷ್ಟರಲ್ಲಿ ಫೋನು ಬಂತು. ಮಾಲೀಕ! ಶ್ರೀಮತಿ ಸ್ಪೀಕರು ಒತ್ತಿದರು.

"ಮೇಡಂ, ಏನು ಕೈ ರೀ ನಿಮ್ದು! ನಿನ್ನೆ ನಮ್ಮ ಹುಡುಗ ಮೆಟ್ಟಿಲ ಮೇಲೆ ಬೀಳಿಸಿದ. ಬಟ್ಟಲು ಒಡೀತು, ಮ್ಯಾಕರೋನಿ ಜಗ್ಗಲಿಲ್ಲ! ಸಂಜೆ ದೀಪದ ಕಾವಿಗೂ ಜೋತುಬೀಳ್ಲಿಲ್ಲ. ಅದು ಬಿಡಿ, ರಾತ್ರಿ ಇಲಿ ಬಂದಿದ್ವು. ಕ್ಯಾಮೆರಾದಲ್ಲಿ ನೋಡಿದೆ. ಹತ್ತಿರ ಬಂದ್ವು, ಮೂಸಿದ್ವು, ತಿರುಗಿ ಓಡಿದ್ವು! ಯಾವ ಮಟೀರಿಯಲ್ ಮೇಡಂ?"

ಶ್ರೀಮತಿ ಗಂಡನ ಮುಖವನ್ನು ದೀರ್ಘವಾಗಿ ನೋಡಿದರು. ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡರು.

"ಅದು... ನಮ್ಮನೇದೇ ಹದ ಸಾರ್."

"ಮಿಕ್ಕ ಹನ್ನೊಂದೂ ಅದೇ ಹದದಲ್ಲಿ ಬೇಕು. ಚೂರೂ ಬದಲಾಯಿಸ್ಬೇಡಿ."

ಫೋನಿಟ್ಟದ್ದೇ ತಡ, ಶ್ರೀಮತಿ ಏಪ್ರನ್ ತಂದು ಗಂಡನ ಕೊರಳಿಗೆ ಹಾಕಿದರು. "ಇವತ್ತು ಅಂಗಡಿ ತೆಗೀಬೇಡಿ. ಮೇಲೊಂದು ಕೋಟು ವಾರ್ನಿಷ್ ನಾನು ಹೊಡ್ಕೋತೀನಿ."

ಯಜಮಾನರ ಆತ್ಮಾಭಿಮಾನ ಇನ್ನೂ ಪೂರ್ತಿ ಸತ್ತಿರಲಿಲ್ಲ. ತಮ್ಮ ಅಡುಗೆಯನ್ನು ಇಲಿಯೂ ಒಲ್ಲೆ ಎಂದ ಮಾತು ಚುಚ್ಚುತ್ತಿತ್ತು. ಈ ಸಲವಾದರೂ ಮೆತ್ತಗೆ, ಮನುಷ್ಯರು ತಿನ್ನುವ ಹಾಗೆ ಮಾಡಿ ತೋರಿಸೋಣವೆಂದು ಮೆಲ್ಲಗೆ ಹಾಲಿನ ಪಾತ್ರೆಗೆ ಕೈ ಹಾಕಿದರು. ಶ್ರೀಮತಿ ಪಟ್ಟನೆ ಕೈಗೆ ಹೊಡೆದರು.

"ಏನ್ ಮಾಡ್ತಿದೀರಿ? ರುಚಿ ಬಂದುಬಿಟ್ರೆ ಆರ್ಡರ್ ಹೋಗುತ್ತೆ!"

ದಿನವಿಡೀ ಮಿಕ್ಕ ಹನ್ನೊಂದು ಖಾದ್ಯ ಬೇಯಿಸಿ ಸೊಂಟ ಹಿಡಿದುಕೊಂಡು ಯಜಮಾನರು ರಾತ್ರಿ ಊಟಕ್ಕೆ ಕೂತರು. ಅತ್ತೆ ಮಮತೆಯಿಂದ ಬಡಿಸಿದರು. ಬ್ರೆಡ್ಡು, ಬಾಳೆಹಣ್ಣು.

ಬಾಳೆಹಣ್ಣನ್ನು ಅವರು ಮೊದಲು ಚಮಚದಿಂದ ಬಡಿದು ನೋಡಿದರು.