ಯಾಕೋಬಪ್ಪ ಉಪವಾಸ ಮುರಿದದ್ದು

ಗೋಕಾಕದ ಟೇಲರ್ ಯಾಕೋಬಪ್ಪನಿಗೆ ಕುತ್ತು ಬಂದದ್ದು ಪಾದ್ರಿಗಳ ಒಂದು ಮಾತಿನಿಂದ. ಮನಸ್ಸಿನಲ್ಲಿ ಸಿಟ್ಟಿಟ್ಟುಕೊಂಡವರು, ಒಡಹುಟ್ಟಿದವರ ಕೂಡ ಮಾತು ಬಿಟ್ಟವರು ಗುರುವಾರ ಸಂಜೆ ಚರ್ಚಿನಲ್ಲಿ ಕೊಡುವ ಪ್ರಭುಭೋಜನದ ರೊಟ್ಟಿಗೆ ಕೈಚಾಚಬಾರದು ಅಂದುಬಿಟ್ಟಿದ್ದರು. ಈಸ್ಟರ್ ಹಬ್ಬದ ಮುಂಚಿನ ನಲವತ್ತು ದಿನದ ಉಪವಾಸವೆಂದು ಯಾಕೋಬಪ್ಪ ಮಾಂಸ ಬಿಟ್ಟು, ಚಹಾ ಬಿಟ್ಟು, ಒಣ ಮೆಣಸಿನಕಾಯಿಯಂತಾಗಿದ್ದ. ಬಾಜೂಮನಿ ಲಿಂಗಾಯತರ ಗೌರಕ್ಕನ ಮುಂದೆ ಹೇಳಿಕೊಂಡರೆ, ತಾವು ಹುಟ್ಟಿದಾಗಿಂದ ಮಾಂಸ ತಿಂದಿಲ್ಲ, ಯಾರೂ ಹಾರ ಹಾಕಿಲ್ಲ ಅಂದಿದ್ದಳು. ಇಷ್ಟೆಲ್ಲ ಮಾಡಿ ಭೋಜನವೇ ತಪ್ಪಿದರೆ?

ಮಾತು ಬಿಟ್ಟದ್ದು ಮೂಡಲಗಿಯ ಅಣ್ಣ ಸುಂದರಪ್ಪನ ಕೂಡ, ಅವನ ಮಗಳ ಮದುವೆಯಲ್ಲಿ ತನ್ನನ್ನು ಮೊದಲನೇ ಪಂಕ್ತಿಗೆ ಕರೆಯಲಿಲ್ಲವೆಂದು. ಬಾಗಿಲಲ್ಲೇ ನಿಂತು 'ತಪ್ಪಾತು' ಅಂದು, ಹೋದ ಬಸ್ಸಿಗೇ ತಿರುಗಿ ಬರಬೇಕೆಂದು ಗುರುವಾರ ಮುಂಜಾನೆ ಹೊರಟ.

ಅಣ್ಣ ಬಾಗಿಲಲ್ಲಿ ನಿಲ್ಲಗೊಡಲಿಲ್ಲ. ಅಪ್ಪಿಕೊಂಡು ಅತ್ತ. ಅಣ್ಣನ ಹೆಂಡತಿ, ವೈನಿ, ಅಂಗಳದ ಕೋಳಿಯ ಬೆನ್ನು ಹತ್ತಿದಳು. ಉಪವಾಸ, ಉಪವಾಸ ಎಂದು ಯಾಕೋಬಪ್ಪ ಒದರಿದ್ದು ಕೋಳಿಯ ಗದ್ದಲದಲ್ಲಿ ಮುಚ್ಚಿಹೋಯಿತು. ಸಾರು ತಾಟಿಗೆ ಬಂತು. ಅವನು ಕೈ ಹಿಂದೆಗೆದ.

"ಉಪವಾಸ ಮುಂದಿನ ವರ್ಷಾನೂ ಬರತೈತೋ ತಮ್ಮಾ," ಅಂದ ಸುಂದರಪ್ಪ. "ನೀ ಬರತಿಯೇನ?"

ಯಾಕೋಬಪ್ಪನ ಎದೆಯಲ್ಲಿ ಏನೋ ಕರಗಿತು. ಕಂಠಪಾಠ ಮಾಡಿಕೊಂಡು ಬಂದ 'ತಪ್ಪಾತು' ಮರೆತೇಹೋಗಿ ಖರೇ ಅಳು ಬಂತು. ಅಳುತ್ತಲೇ ಎರಡು ಸಲ ಸಾರು ಹಾಕಿಸಿಕೊಂಡ.

ತಿರುಗಿ ಬರುವಾಗ ಬಾಜೂ ಸೀಟಿಗೆ ಕೂತವಳು ಅವನ ಚರ್ಚಿನ ಸಭೆಯವಳೇ ಆದ ತಾಯವ್ವ. ಪೊಲೀಸ್ ನಾಯಿಗಳು ಆಕೆಯ ಹತ್ತಿರ ಸಾಲಿ ಕಲಿಯಬೇಕು, ಅಂಥ ಮೂಗು. ಗೋಕಾಕ ಬರುವತನಕ ಒಂದು ಮಾತಾಡಲಿಲ್ಲ. ಇಳಿದ ಮೇಲೆ ಕಂಡಕಂಡವರ ಕೂಡ ಆಡಿದಳು.

ಸಂಜೆ ಚರ್ಚಿನಲ್ಲಿ ಯಾಕೋಬಪ್ಪ ಕೂತ ಬೆಂಚು ತಾನಾಗಿಯೇ ಖಾಲಿಯಾಯಿತು. ಸಭೆಯ ಹಿರಿಯ ರಾಜಪ್ಪ ಎದ್ದು ನಿಂತು, ಇಷ್ಟು ದಿನ ತಡೆದವನಿಗೆ ಇವತ್ತೊಂದು ದಿನ ನಾಲಿಗೆ ಹಿಡಿಯಲಾಗಲಿಲ್ಲವೇ ಎಂದು ಎಲ್ಲರೆದುರು ಕೇಳಿದ. ಯಾಕೋಬಪ್ಪ ಅಣ್ಣನ ಸುದ್ದಿ ಹೇಳಲು ಬಾಯಿ ತೆರೆದ. ತಾಯವ್ವ ಮೂಗಿಗೆ ಸೆರಗು ಹಿಡಿದಳು. ಜನ ಬಿದ್ದುಬಿದ್ದು ನಕ್ಕರು.

ಪಾದ್ರಿಗಳು ಮಾತ್ರ ನಗಲಿಲ್ಲ. ಸುಂದರಪ್ಪ ಮಧ್ಯಾಹ್ನವೇ ಅವರಿಗೆ ಫೋನ್ ಮಾಡಿ, ಎಲ್ಲ ಹೇಳಿಕೊಂಡು ಅತ್ತಿದ್ದ.

"ಕುಂದರ್ರಿ ರಾಜಪ್ಪನವರ," ಅಂದರು. "ಖರೇ ಉಪವಾಸ ಇವತ್ತ ಇವ ಒಬ್ಬನ ಮಾಡ್ಯಾನ. ಬಾ ಯಾಕೋಬಪ್ಪಾ."

ನಗು ನಿಂತಿತು. ಯಾಕೋಬಪ್ಪ ಎದ್ದು ನಾಲ್ಕು ಹೆಜ್ಜೆ ಇಟ್ಟ. ರಾಜಪ್ಪನ ಮುಖ ನೋಡಿದ, ತಾಯವ್ವನ ಸೆರಗು ನೋಡಿದ, ತನ್ನ ಎದೆ ತಡವಿ ನೋಡಿಕೊಂಡ. ಮುಂಜಾನೆಯ ಯಾಕೋಬಪ್ಪನಾಗಿದ್ದರೆ ಬಾಯಿಮಾತಿಗೆ 'ಕ್ಷಮಾ ಮಾಡೇನಿ' ಅಂದು ರೊಟ್ಟಿ ತಗೊಳ್ಳುತ್ತಿದ್ದ. ಈಗ ಆ ಆಟ ಒಳಗೇ ನಡೆಯಲೊಲ್ಲದು.

"ಆಗೂದಿಲ್ರಿ," ಅಂದ. "ಮುಂಜಾನಿ ಒಬ್ಬಾಂವನ ಮ್ಯಾಲ ಸಿಟ್ಟ ಇತ್ರಿ. ಈಗ ಇಡೀ ಸಭಾದ ಮ್ಯಾಲ ಐತಿ."