ಧ್ವನಿಮುದ್ರಣ ಕೊಠಡಿಯ ಬಾಗಿಲು ಸಲೀಸಾಗಿ ತೆರೆದುಕೊಳ್ಳುತ್ತಿರುವ ಬಗ್ಗೆ

ನಮ್ಮ ಕಾಲೇಜಿನ ಧ್ವನಿಮುದ್ರಣ ಕೊಠಡಿಯ ಬಾಗಿಲಿನವರ ಸನ್ನಿಧಾನಕ್ಕೆ,

ಮಾನ್ಯರೇ,

ಅಡಿಯಿಂದ ಮುಡಿಯವರೆಗೆ ದಪ್ಪ ಸ್ಪಂಜು ಹೊದ್ದು ಗಂಭೀರವಾಗಿ ನಿಂತಿರುವ ತಮಗೆ ತಲೆಬಾಗಿ ನಮಸ್ಕರಿಸುತ್ತಾ, ಇಡೀ ಲೋಕ ಕೆಲಸ ಬಿಟ್ಟು ಕೇಳಬೇಕಾದ ಒಂದು ದುಃಖವಾರ್ತೆಯನ್ನು ಪ್ರಕಟಿಸುತ್ತಿದ್ದೇನೆ: ಮೊನ್ನೆಯಿಂದ ತಮ್ಮ ಹಿಡಿಕೆ ತಿರುಗುತ್ತಿದೆ. ತಿರುಗಿಸಿದರೆ ತಾವು ತೆರೆದುಕೊಳ್ಳುತ್ತೀರಿ. ಇದಕ್ಕಿಂತ ದೊಡ್ಡ ನಂಬಿಕೆದ್ರೋಹವನ್ನು ನಾನು ಕಂಡಿಲ್ಲ.

ನಾನು ಬಸ್ ನಿಲ್ದಾಣದಲ್ಲಿ ಪ್ರಕಟಣೆ ಓದುತ್ತಿದ್ದವನು. ಆ ಕುರ್ಚಿಯಲ್ಲಿ ಈಗ ಯಂತ್ರವೊಂದು ಕೂತಿರುವುದರಿಂದ, ಅದನ್ನು ನೋಡಿಕೊಳ್ಳುವ ಕೆಲಸವಾದರೂ ಸಿಗಲೆಂದು ಸಂಗೀತ ತಂತ್ರಜ್ಞಾನದ ಸರ್ಟಿಫಿಕೇಟ್ ಕೋರ್ಸಿಗೆ ಸೇರಿದವನು. ತಂತಿ ಸುತ್ತುವುದರಲ್ಲಿ, ಮೈಕು ಜೋಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಸ್ವಂತ ದನಿಯನ್ನು ಭಾವ ತುಂಬಿ ಮುದ್ರಿಸುವ ಪಾಠ ಮಾತ್ರ ಕಬ್ಬಿಣದ ಕಡಲೆಯಾಯಿತು. "ನೀನು ಅತ್ರೂ ಬಸ್ಸು ತಡ ಅಂದ ಹಾಗೇ ಇರುತ್ತಲ್ಲೋ" ಎಂದು ಒಡಹುಟ್ಟಿದ ಅಕ್ಕನೇ ಹೇಳಿದ ಮೇಲೆ ಮೇಷ್ಟ್ರು ಪಾಸು ಮಾಡಿಯಾರೆ?

ಅಂಥ ನನ್ನನ್ನು ಕಳೆದ ವಾರ ತಾವು ಒಳಗೆ ಹಾಕಿಕೊಂಡು ಹಿಡಿಕೆ ಬಿಗಿದುಕೊಂಡಿರಿ. ನಾನು ಗುದ್ದಿದೆ, ಗೋಗರೆದೆ, ಇದ್ದಬದ್ದ ದೇವರನ್ನೆಲ್ಲ ಕರೆದೆ. ಮೈಕು ಚಾಲೂ ಇತ್ತು. ಹೊರಗೆ, ಮುದ್ರಣ ನಡೆದಿದೆ ಸದ್ದು ಬೇಡ ಎನ್ನುವ ಕೆಂಪು ದೀಪವೂ ಉರಿಯುತ್ತಿತ್ತು. ಆ ದೀಪಕ್ಕಿರುವ ಮರ್ಯಾದೆ ನಮ್ಮಲ್ಲಿ ಪ್ರಾಂಶುಪಾಲರಿಗೂ ಇಲ್ಲ. ಸಹಪಾಠಿಗಳು ಚಪ್ಪಲಿ ಕೈಯಲ್ಲಿ ಹಿಡಿದು ಬೆಕ್ಕಿನ ಹೆಜ್ಜೆಯಲ್ಲಿ ದಾಟಿದರು. ತಮಗಿರುವ ಗಾಜಿನ ಕಿಂಡಿಯಲ್ಲಿ ಇಣುಕಿದ ಮೇಷ್ಟ್ರು, ನಾನು ಬಾಯಿ ಹರಿದುಕೊಂಡು ಕೈಕಾಲು ಬಡಿಯುತ್ತಿರುವುದನ್ನು ಕಣ್ತುಂಬ ನೋಡಿ, ಭೇಷ್ ಎಂಬಂತೆ ಹೆಬ್ಬೆರಳು ಎತ್ತಿ ಊಟಕ್ಕೆ ಹೋದರು. ತಮ್ಮ ಸ್ಪಂಜಿನ ಸಾಮರ್ಥ್ಯವನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ; ಇದ್ದವೆಲ್ಲ ಅಂದೇ ಖರ್ಚಾದವು. ಕೊನೆಗೆ ದೀಪಗೀಪಕ್ಕೆ ಸೊಪ್ಪು ಹಾಕದ ಕಸ ಗುಡಿಸುವಾಕೆ ತಮಗೊಂದು ಒದೆ ಕೊಟ್ಟು ನನ್ನನ್ನು ಬಿಡಿಸಿದಳು.

ಆ ಧ್ವನಿಮುದ್ರಿಕೆ ಕೇಳಿದ ಮೇಷ್ಟ್ರು ಕಣ್ಣೊರೆಸಿಕೊಂಡು, "ಈ ಸಲ ಜೀವ ಇದೆ ಕಣಯ್ಯಾ, ಯಾರಾದ್ರೂ ಇದೀರಾ ಅನ್ನೋ ಕಡೆ ನನಗೆ ಮೈ ಜುಂ ಅಂತು" ಎಂದರು. ನಾನು ನಿಜ ಹೇಳಲಿಲ್ಲ. ಹೊಗಳಿಕೆ ಬಂದಾಗ ಬಾಯಿ ಮುಚ್ಚಿಕೊಂಡಿರುವುದು ನಮ್ಮ ಮನೆತನದ ಏಕೈಕ ಆಸ್ತಿ. ಆದರೆ ಅವರು ಅದನ್ನು ಹೊರಗಿನ ಪರೀಕ್ಷಕರಿಗೂ ಕೇಳಿಸಿ, ಬರುವ ಶುಕ್ರವಾರ ಆ ಪರೀಕ್ಷಕರು ಪಕ್ಕದ ಕೋಣೆಯಲ್ಲಿ ಕೂತು ಕೇಳುವಾಗ ನಾನು ಅದನ್ನೇ ಮತ್ತೊಮ್ಮೆ ಮಾಡಿ ತೋರಿಸಿದರೆ ಮಾತ್ರ ಸರ್ಟಿಫಿಕೇಟು ಎಂದು ಗೊತ್ತುಮಾಡಿಕೊಂಡು ಬಂದರು. ಅದರ ಹಿಂದೆಯೇ ಬಡಗಿ ಬಂದ. ನನ್ನ ಅಷ್ಟೆಲ್ಲ ಕಣ್ಣೀರಿಗೆ ಕರಗದ ತಾವು ಅವನ ಒಂದು ತೊಟ್ಟು ಎಣ್ಣೆಗೆ ನೀರಾಗಿಬಿಟ್ಟಿರಿ.

ಆದಕಾರಣ ಶುಕ್ರವಾರ ದಯಮಾಡಿ ತುಕ್ಕು ಹಿಡಿಯಿರಿ. ಆಗದಿದ್ದರೆ ಊದಿಕೊಳ್ಳಿ. ಅದೂ ಆಗದಿದ್ದರೆ, ತಾವು ಮರವಾಗಿದ್ದ ದಿನಗಳನ್ನು ನೆನೆದು ಅಲ್ಲೇ ಬೇರು ಬಿಡಿ. ತೆರೆದುಕೊಳ್ಳುವ ಬಾಗಿಲಿನ ಮುಂದೆ ಪ್ರಾಮಾಣಿಕವಾಗಿ ಗೋಳಾಡುವ ಕಲೆ ನನಗೆ ಸಿದ್ಧಿಸಿಲ್ಲ. ನಿನ್ನೆ ಮನೆಯಲ್ಲಿ ಅಭ್ಯಾಸ ಮಾಡಿದೆ, ಕೇಳಿಸಿಕೊಂಡ ಅಕ್ಕ, "ಎಷ್ಟನೇ ಪ್ಲಾಟ್‌ಫಾರ್ಮು?" ಎಂದಳು.

ಒಳಗೇ ಉಳಿಯಲು ಹಾತೊರೆಯುತ್ತಿರುವ
ತಮ್ಮ ವಿಶ್ವಾಸಿ,
ಇನ್ನೂ ಪಾಸಾಗದ ವಿದ್ಯಾರ್ಥಿ

ತಾ.ಕ.: ಎಣ್ಣೆ ಹಾಕಿಕೊಂಡವರ ಭರವಸೆಯನ್ನು ನೆಚ್ಚುವಂತಿಲ್ಲವಾದ್ದರಿಂದ ಓದುಗರಲ್ಲೂ ಒಂದು ಸಣ್ಣ ಉಪಕಾರ ಕೇಳುತ್ತೇನೆ. ಶುಕ್ರವಾರ ಬಿಡುವಿದ್ದು, ಬೆನ್ನು ಗಟ್ಟಿಯಿರುವವರು ಯಾರಾದರೂ ಬಂದು ಈ ಬಾಗಿಲಿಗೆ ಹೊರಗಿನಿಂದ ಒರಗಿ ನಿಲ್ಲಬೇಕು. ನಾನೆಷ್ಟು ಕೂಗಿದರೂ ನಿಮಗೆ ಕೇಳಿಸುವುದಿಲ್ಲವಾದ್ದರಿಂದ ಮನಸ್ಸು ಕರಗುವ ಭಯವಿಲ್ಲ. ಬರುವುದನ್ನು ನನಗೆ ಮಾತ್ರ ಮೊದಲೇ ಹೇಳಬೇಡಿ.